ಆನ್‌ಲೈನ್ ಡಾಮ್ ಎದುರಿಗೆ ಬರಲು ಕರೆದಾಗ

ಪ್ರಶ್ನೆ: ನನಗೆ 29 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ, ಇರುವುದು ಪಿಜಿಯಲ್ಲಿ. ಎಂಟು ತಿಂಗಳಿಂದ ಪುಣೆಯ ಒಬ್ಬರ ಜೊತೆ ಆನ್‌ಲೈನ್‌ನಲ್ಲಿ ಡಿ-ಎಸ್ ಸಂಬಂಧದಲ್ಲಿದ್ದೇನೆ. ಅವರು ಡಾಮ್, ಅಂದರೆ ಆಜ್ಞೆ ಕೊಡುವ ಕಡೆ. ನಾನು ಸಬ್, ಅಂದರೆ ಇಷ್ಟಪಟ್ಟು ಅದನ್ನು ಪಾಲಿಸುವ ಕಡೆ. ಎಷ್ಟು ಗಂಟೆಗೆ ಮಲಗಬೇಕು, ದಿನದ ವರದಿ ಹೇಗೆ ಬರೆದು ಕಳಿಸಬೇಕು, ಹೀಗೆ ಅವರು ಹಾಕಿದ ನಿಯಮಗಳಿವೆ. ಶನಿವಾರ ರಾತ್ರಿ ಕಾಲ್ ಇರುತ್ತದೆ. ನನಗೆ ಇದೆಲ್ಲ ಇಷ್ಟ. ಆದರೆ ಒಂದು ಸಲ ಕಾಲ್ ಮಧ್ಯೆ ನೆಟ್‌ವರ್ಕ್ ಹೋಯಿತು, ಅವರು ಮತ್ತೆ ಸಿಗಲಿಲ್ಲ. ರಾತ್ರಿಯೆಲ್ಲ ಅತ್ತೆ, ಎರಡು ದಿನ ಮಂಕಾಗಿದ್ದೆ. ಈಗ ಅವರು "ಆನ್‌ಲೈನ್ ಬರೀ ಆಟ, ನಿಜವಾದ ಸಬ್ ಆಗಿದ್ದರೆ ಎದುರಿಗೆ ಬಾ" ಅನ್ನುತ್ತಿದ್ದಾರೆ. ಅದಕ್ಕೂ ಮುಂಚೆ ಮುಖ ಕಾಣುವ ಖಾಸಗಿ ಫೋಟೋ ಕೇಳಿದರು. ಕೊಡಲ್ಲ ಅಂದಿದ್ದಕ್ಕೆ ಮೂರು ದಿನ ಮಾತು ಬಿಟ್ಟರು. ಅವರ ಮುಖ ಒಂದೆರಡು ಸಲ ನೋಡಿದ್ದೇನೆ, ಪೂರ್ತಿ ಹೆಸರು ಗೊತ್ತಿಲ್ಲ. ಆನ್‌ಲೈನ್ ಸಂಬಂಧ ನಿಜವಲ್ಲವಾ? ಎದುರಿಗೆ ಆದರೆ ಏನು ಬದಲಾಗುತ್ತದೆ? ಹೋಗಲಾ? ಇದೆಲ್ಲ ಇಷ್ಟ ಆಗುವುದು ಕಾಯಿಲೆನಾ?

ಉತ್ತರ:

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಹಳೆಯ ಪಟ್ಟಿಯಲ್ಲಿದ್ದ ಸ್ಯಾಡೋಮ್ಯಾಸೊಕಿಸಂ (ನೋವು ಕೊಡುವುದರಲ್ಲಿ, ಪಡೆಯುವುದರಲ್ಲಿ ಸುಖ ಕಾಣುವುದು) ಎಂಬ ರೋಗದ ಹೆಸರು ಅದರಲ್ಲಿಲ್ಲ. ಒಪ್ಪದವರ ಮೇಲೆ ಹಿಂಸೆ ನಡೆಸುವುದನ್ನು ಮಾತ್ರ ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೂಡ 2013ರಲ್ಲೇ ಆಸಕ್ತಿ ಬೇರೆ, ರೋಗ ಬೇರೆ ಎಂದು ಬಿಡಿಸಿ ಹೇಳಿತು. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನ ಬಂತು. ಬಿಡಿಎಸ್‌ಎಂ (ಇಬ್ಬರೂ ಒಪ್ಪಿ ಆಡುವ ಅಧಿಕಾರದ, ಕಟ್ಟುವ, ನೋವಿನ ಆಟಗಳು) ಆಸಕ್ತಿಯ 902 ಜನರನ್ನು ಬೇರೆ 434 ಜನರ ಜೊತೆ ಹೋಲಿಸಿ ನೋಡಿದ್ದರು. ಮನಸ್ಸಿನ ಆರೋಗ್ಯದಲ್ಲಿ ಮೊದಲ ಗುಂಪಿನವರು ಹಿಂದೆ ಬಿದ್ದಿರಲಿಲ್ಲ, ಕೆಲವು ವಿಷಯಗಳಲ್ಲಿ ಅವರೇ ಮುಂದಿದ್ದರು. ಆದ್ದರಿಂದ ನಿಮ್ಮ ಇಷ್ಟದ ಬಗ್ಗೆ ನಾಚಿಕೆ ಬೇಡ. ಯೋಚನೆ ಮಾಡಬೇಕಾದ್ದು ಈ ಒಬ್ಬರ ಜೊತೆ ಇದು ಹೇಗೆ ನಡೆಯುತ್ತಿದೆ ಎಂಬುದರ ಬಗ್ಗೆ.

ಇನ್ನು "ಆನ್‌ಲೈನ್ ಬರೀ ಆಟ" ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಡಿ-ಎಸ್ ಸಂಬಂಧದ ತಿರುಳು ಹಗ್ಗದಲ್ಲಾಗಲಿ ಬೆಲ್ಟಿನಲ್ಲಾಗಲಿ ಇಲ್ಲ. ಒಬ್ಬರು ತಮ್ಮ ಕೆಲವು ತೀರ್ಮಾನಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸುತ್ತಾರೆ. ಇನ್ನೊಬ್ಬರು ಅದನ್ನು ಜವಾಬ್ದಾರಿಯಿಂದ ನೋಡಿಕೊಳ್ಳುತ್ತಾರೆ. ಇಷ್ಟೇ. ಹತ್ತೂವರೆಗೆ ಮಲಗು ಅಂದಾಗ ನೀವು ನಿಜವಾಗಿಯೇ ಮಲಗಿದ್ದೀರಿ. ವರದಿ ಬರೆಯುವಾಗ ನಿಜವಾಗಿಯೇ ಎದೆ ಹೊಡೆದುಕೊಂಡಿದೆ. ಆ ರಾತ್ರಿ ನಿಜವಾಗಿಯೇ ಅತ್ತಿದ್ದೀರಿ. ಸುಳ್ಳು ಸಂಬಂಧಕ್ಕೆ ಯಾರಾದರೂ ಎರಡು ದಿನ ಮಂಕಾಗುತ್ತಾರಾ?

ಈ ಸಮುದಾಯದ ಒಂದು ದೊಡ್ಡ ಭಾಗ ಬೆಳೆದದ್ದೇ ಆನ್‌ಲೈನ್‌ನಲ್ಲಿ. ವೆಬ್‌ಸೈಟುಗಳಿನ್ನೂ ಮನೆಮಾತಾಗದ ಕಾಲದಲ್ಲಿ ಯೂಸ್‌ನೆಟ್ ಎಂಬ ಜಾಲದಲ್ಲಿ ಜನ ಈ ವಿಷಯ ಬರೆದುಕೊಳ್ಳುತ್ತಿದ್ದರು. ಹಾಗೆ ಪರಿಚಯವಾದವರು 1990ರ ದಶಕದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದ ಬರ್ಗರ್ ಅಂಗಡಿಯೊಂದರಲ್ಲಿ ಸೇರತೊಡಗಿದರು. ಸಾಮಾನ್ಯ ಬಟ್ಟೆ, ಸಾಮಾನ್ಯ ಮಾತು, ಊಟ. ಅಲ್ಲಿಂದ ಬಂದದ್ದೇ 'ಮಂಚ್'. ಈಗ ಬೆಂಗಳೂರೂ ಸೇರಿ ಎಷ್ಟೋ ಊರುಗಳಲ್ಲಿ ಮಂಚ್ ನಡೆಯುತ್ತದೆ. ಅಂದರೆ ಪರದೆಯಿಂದ ಎದುರಿಗೆ ಬರುವುದು ಹೊಸದೇನಲ್ಲ. ಆದರೆ ಅವರು ಮೊದಲು ಸೇರಿದ್ದು ಯಾರದೋ ರೂಮಿನಲ್ಲಲ್ಲ, ನಾಲ್ಕು ಜನ ಓಡಾಡುವ ಹೋಟೆಲಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಆನ್‌ಲೈನ್‌ಗೆ ಇನ್ನೊಂದು ಕಾರಣವೂ ಇದೆ. ಪಿಜಿಯಲ್ಲಿ ರೂಮ್‌ಮೇಟ್, ಮನೆಯಲ್ಲಿ ಅಪ್ಪ ಅಮ್ಮ, ಬಾಡಿಗೆ ಮನೆಯಲ್ಲಿ ಓನರ್. ತುಂಬಾ ಜನರಿಗೆ ಕಿವಿಗೆ ಹಾಕಿಕೊಂಡ ಇಯರ್‌ಫೋನ್ ಒಂದೇ ಖಾಸಗಿ ಜಾಗ. ಅಂಥವರಿಗೆ "ನಿನ್ನದು ನಿಜವಲ್ಲ" ಎಂದು ಹೇಳುವುದು ಅನ್ಯಾಯ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲವಾ? ಇದೆ, ದೊಡ್ಡದೇ ಇದೆ. ಡಾಮ್‌ಗೆ ನಿಮ್ಮ ಬಗ್ಗೆ ಏನು ಕಾಣಿಸುತ್ತದೆ ಎಂಬುದರಲ್ಲಿ ಅದು ಇದೆ.

ಎದುರಿಗೆ ಇರುವವರಿಗೆ ನೀವು ಹೇಳದೆಯೂ ಎಷ್ಟೋ ತಿಳಿಯುತ್ತದೆ. ಉಸಿರು ಬಿಗಿಯಾದದ್ದು, ಬೆರಳು ತಣ್ಣಗಾದದ್ದು, ಭುಜ ಗಟ್ಟಿಯಾದದ್ದು, ಕಣ್ಣು ಎಲ್ಲೋ ನೋಡುತ್ತಿರುವುದು. ಫೋನಿನಲ್ಲಿ ಅವರಿಗೆ ಸಿಗುವುದು ನೀವು ಹೇಳಿದ್ದು, ಬರೆದದ್ದು, ಕ್ಯಾಮೆರಾ ಚೌಕಟ್ಟಿನೊಳಗೆ ಬಿದ್ದದ್ದು ಮಾತ್ರ. ನೀವು ಸುಮ್ಮನಾದರೆ ಅದು ಖುಷಿಯ ಮೌನವೋ, ಭಯದ ಮೌನವೋ, ರೂಮ್‌ಮೇಟ್ ಬಂದ ಮೌನವೋ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಸೀನ್, ಅಂದರೆ ಒಂದು ಸಲದ ಆಟ, ಆಳಕ್ಕೆ ಹೋದಾಗ ಸಬ್‌ನ ಮಾತು ಕಡಿಮೆಯಾಗುತ್ತದೆ, ಯೋಚನೆ ನಿಧಾನವಾಗುತ್ತದೆ, ನೋವಿನ ಅಂದಾಜು ತಪ್ಪುತ್ತದೆ. ಇದನ್ನು ಸಬ್‌ಸ್ಪೇಸ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಚಾಟ್‌ನಲ್ಲಿ ಬರುವ 'ಹೂಂ' ಒಪ್ಪಿಗೆಯ ಹಾಗೇ ಕಾಣುತ್ತದೆ. ಎದುರಿಗೆ ಇದ್ದ ಅನುಭವಸ್ಥರು ಅಂಥ 'ಹೂಂ' ಕೇಳಿ ನಿಲ್ಲಿಸುತ್ತಾರೆ. ಆನ್‌ಲೈನ್ ಡಾಮ್ ಮುಂದುವರಿಸಿಬಿಡಬಹುದು, ಕೆಟ್ಟವರೇ ಆಗಿರಬೇಕಿಲ್ಲ.

ಹಾಗಾಗಿ ಆನ್‌ಲೈನ್‌ನಲ್ಲಿ ಹೇಳುವ ಹೊರೆ ಸಬ್ ಮೇಲೆ, ಕೇಳುವ ಹೊರೆ ಡಾಮ್ ಮೇಲೆ ಜಾಸ್ತಿ ಬೀಳುತ್ತದೆ. ಒಳ್ಳೆಯ ಆನ್‌ಲೈನ್ ಡಾಮ್ ಯಾರು ಎಂದು ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಎಷ್ಟು ಗತ್ತಿನಿಂದ ಆಜ್ಞೆ ಕೊಡುತ್ತಾರೆ ಎಂಬುದು ನನಗೆ ಮುಖ್ಯವಲ್ಲ. ನಡುನಡುವೆ ನಿಲ್ಲಿಸಿ "ಈಗ ಹೇಗಿದೀಯ, ಒಂದರಿಂದ ಹತ್ತರಲ್ಲಿ ಎಷ್ಟು" ಎಂದು ಎಷ್ಟು ಸಲ ಕೇಳುತ್ತಾರೆ? ಹಸಿರು ಅಂದರೆ ಮುಂದುವರಿಸು, ಹಳದಿ ಅಂದರೆ ನಿಧಾನ, ಕೆಂಪು ಅಂದರೆ ನಿಲ್ಲಿಸು ಎಂಬ ಟ್ರಾಫಿಕ್ ಲೈಟ್ ಸೇಫ್‌ವರ್ಡ್ (ಮೊದಲೇ ಒಪ್ಪಿಕೊಂಡ ಸಂಕೇತದ ಪದ) ಫೋನಿನಲ್ಲೂ ನಡೆಯುತ್ತದೆ. ಆದರೆ ಅದಕ್ಕೆ ಒಂದು ನಿಯಮ ಸೇರಿಸಲೇಬೇಕು: ಲೈನ್ ಕಟ್ ಆದರೆ ಅದು ಕೆಂಪು. ಅಂದರೆ ಸೀನ್ ಅಲ್ಲಿಗೆ ಮುಗಿಯಿತು. ಹತ್ತು ನಿಮಿಷದೊಳಗೆ ಡಾಮ್ ಬೇರೆ ದಾರಿಯಲ್ಲಿ, ಮಾಮೂಲಿ ಫೋನ್ ಕಾಲ್ ಆದರೂ ಸರಿ, ಎಸ್‌ಎಂಎಸ್ ಆದರೂ ಸರಿ, ಸಿಗಲೇಬೇಕು.

ನಿಮಗೆ ಆ ರಾತ್ರಿ ಆಗಿದ್ದು ಇದೇ ಕೊರತೆಯಿಂದ. ಅದಕ್ಕೆ ಸಬ್ ಡ್ರಾಪ್ ಅನ್ನುತ್ತಾರೆ. ಸೀನ್ ಹೊತ್ತಿನಲ್ಲಿ ದೇಹ ಮನಸ್ಸು ಎರಡೂ ಏರಿರುತ್ತವೆ. ಇಳಿಯುವಾಗ ಅಳು, ಚಳಿ, ಕೀಳರಿಮೆ, ಸುಸ್ತು ಬರಬಹುದು. ಮರುದಿನವೋ ಎರಡನೇ ದಿನವೋ ತಡವಾಗಿಯೂ ಬರಬಹುದು. ಎದುರಿಗೆ ಇದ್ದರೆ ಹೊದಿಕೆ ಹೊದಿಸಿ, ನೀರು ಕೊಟ್ಟು, ಪಕ್ಕದಲ್ಲಿ ಕೂರುತ್ತಾರೆ. ಆಫ್ಟರ್‌ಕೇರ್ ಅಂದರೆ ಅದು. ಫೋನಿನಲ್ಲಿ ಅಪ್ಪಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಅದನ್ನು ಮೊದಲೇ ಕೂಡಿಸಿಟ್ಟುಕೊಳ್ಳಬೇಕು. ಕಾಲ್ ಮುಗಿದ ಮೇಲೆ ಅರ್ಧ ಗಂಟೆ ಬರೀ ಮಾಮೂಲಿ ಮಾತು. ಕೈಗೆಟುಕುವಲ್ಲಿ ನೀರು, ತಿನ್ನಲು ಏನಾದರೂ, ಒಂದು ಶಾಲು. ಮರುದಿನ ಬೆಳಿಗ್ಗೆ ಅವರಿಂದ ಒಂದು ಮೆಸೇಜ್, ಎರಡನೇ ದಿನ ಇನ್ನೊಂದು. ನೆಟ್‌ವರ್ಕ್ ಹೋಗಿದ್ದು ಅವರ ತಪ್ಪಲ್ಲ. ಮರುದಿನ ಅದರ ಬಗ್ಗೆ ಕೇಳಿದರಾ? ನಿಮ್ಮ ಪತ್ರದಲ್ಲಿ ಆ ವಿಷಯ ಇಲ್ಲ. ಕೇಳಿದ್ದರೆ ನೀವು ಬರೆಯುತ್ತಿದ್ದಿರಿ ಅನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ. ಫೋನಿನಲ್ಲಿರುವವರು ಹೇಳಿದರು ಅಂತ ಒಬ್ಬರೇ ಇರುವಾಗ ಬಿಚ್ಚಿಕೊಳ್ಳಲು ಆಗದ ಹಾಗೆ ಕಟ್ಟಿಕೊಳ್ಳಬೇಡಿ. ಕುತ್ತಿಗೆಗೆ, ಉಸಿರಿಗೆ, ಬೆಂಕಿಗೆ, ಕರೆಂಟಿಗೆ ಸಂಬಂಧಿಸಿದ ಯಾವ ಟಾಸ್ಕ್ ಕೂಡ ಬೇಡ. ಕಟ್ಟಿದ ಕೈಯ ನರ ಒತ್ತಿಹೋಗಲು ಜಾಸ್ತಿ ಹೊತ್ತು ಬೇಕಿಲ್ಲ. ತಲೆಗೆ ರಕ್ತ ಹೋಗುವುದು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಪುಣೆಯಲ್ಲಿ ಕುಳಿತವರು ನೋಡಬಹುದು, ಕೂಗಬಹುದು. ಹಗ್ಗ ಕತ್ತರಿಸಲು ಅವರಿಂದ ಆಗುವುದಿಲ್ಲ. ಪಿಜಿಯ ಬಾಗಿಲನ್ನು ಒಳಗಿಂದ ಚಿಲಕ ಹಾಕಿರುತ್ತೀರಿ ಅಲ್ವಾ? ಕುತ್ತಿಗೆ ಹಿಸುಕುವುದಂತೂ ಪಕ್ಕದಲ್ಲಿ ಯಾರೇ ಇದ್ದರೂ ಸುರಕ್ಷಿತವಲ್ಲ. ಎದುರಿಗೆ ಭೇಟಿಯಾದಾಗಲೂ ಅದನ್ನು ನಿಮ್ಮ ಹಾರ್ಡ್ ಲಿಮಿಟ್, ಅಂದರೆ ಯಾವ ಕಾರಣಕ್ಕೂ ಬೇಡ ಎಂಬ ವಿಷಯಗಳ ಪಟ್ಟಿಯಲ್ಲಿ ಇಡಿ.

ಆನ್‌ಲೈನ್ ಅಂದರೆ ಹಗುರ, ಎದುರಿಗೆ ಅಂದರೆ ಭಾರ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ನನ್ನ ಬಳಿ ಬರುವವರನ್ನು ನೋಡಿದರೆ ಹಲವರಲ್ಲಿ ಇದು ತಿರುಗುಮುರುಗು. ಎದುರಿಗೆ ನಡೆಯುವ ಸೀನ್‌ಗೆ ಶುರು ಇರುತ್ತದೆ, ಕೊನೆ ಇರುತ್ತದೆ. ಆಮೇಲೆ ಇಬ್ಬರೂ ಕಾಫಿ ಕುಡಿದು ಬಸ್ ಹಿಡಿಯುತ್ತಾರೆ. ಫೋನ್ ಮಾತ್ರ ದಿನವಿಡೀ ಕೈಯಲ್ಲೇ ಇರುತ್ತದೆ. ಆಫೀಸ್ ಮೀಟಿಂಗ್‌ನಲ್ಲಿ ಮೆಸೇಜ್ ಬಂತು, ಉತ್ತರ ತಡವಾದರೆ ಶಿಕ್ಷೆಯಾ ಎಂಬ ಭಯ. ಹೀಗೆ ಗೊತ್ತಾಗದ ಹಾಗೆ ಇಡೀ ದಿನ ಸೀನ್ ಆಗಿಬಿಡುತ್ತದೆ. ನಿಮ್ಮ ನಿದ್ದೆಯ ಹೊತ್ತು, ದಿನದ ವರದಿ ಎರಡೂ ಅವರ ಕೈಯಲ್ಲಿವೆ. ಅದು ನಿಮಗೆ ಹಿತ ಕೊಡುತ್ತಿದ್ದರೆ ಇರಲಿ. ಆದರೆ ವಾರದಲ್ಲಿ ಯಾವ ಹೊತ್ತು ನೀವು ಸಬ್ ಅಲ್ಲ, ಬರೀ ನೀವು, ಎಂಬುದನ್ನು ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳಿ. ಆಫೀಸಿನ ವೇಳೆ, ಊರಿಗೆ ಹೋದ ದಿನಗಳು, ಹುಷಾರಿಲ್ಲದ ದಿನಗಳು ಅದರಲ್ಲಿ ಸೇರಲಿ.

ಪರದೆಯ ಸಂಬಂಧ ಬೇಗ ಆಳಕ್ಕಿಳಿಯುವುದಕ್ಕೂ ಕಾರಣವಿದೆ. ಸಂವಹನ ಶಾಸ್ತ್ರದ ಜೋಸೆಫ್ ವಾಲ್ಥರ್ 1996ರಲ್ಲೇ ಇದನ್ನು ವಿವರಿಸಿದ್ದರು. ಬರೆದು ಮಾತಾಡುವಾಗ ಪ್ರತಿಯೊಬ್ಬರೂ ತಮ್ಮ ಒಳ್ಳೆಯ ಮುಖವನ್ನೇ ಆರಿಸಿ ತೋರಿಸುತ್ತಾರೆ. ಓದುವವರು ಮಿಕ್ಕ ಖಾಲಿ ಜಾಗವನ್ನು ತಮ್ಮ ಆಸೆಯಿಂದ ತುಂಬಿಕೊಳ್ಳುತ್ತಾರೆ. ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇನ್ನೊಂದು ವಿಷಯ ಬರೆದರು: ಮುಖ ಕಾಣದಿದ್ದಾಗ ಜನ ಮನಸ್ಸನ್ನು ಜಾಸ್ತಿ ಬಿಚ್ಚುತ್ತಾರೆ, ಜಾಸ್ತಿ ಕ್ರೂರರೂ ಆಗುತ್ತಾರೆ. ಎಂಟು ತಿಂಗಳಲ್ಲಿ ನಿಮಗೆ ಅವರ ಧ್ವನಿ ಗೊತ್ತು, ನಿಯಮಗಳು ಗೊತ್ತು. ಹೋಟೆಲಿನಲ್ಲಿ ಸಪ್ಲೈಯರ್ ಜೊತೆ ಹೇಗೆ ಮಾತಾಡುತ್ತಾರೆ, ಸಿಟ್ಟು ಬಂದಾಗ ಮುಖ ಹೇಗಾಗುತ್ತದೆ, ಇದು ಗೊತ್ತಿಲ್ಲ. ಆದ್ದರಿಂದ ಎದುರಿಗೆ ಭೇಟಿಯಾಗುವುದು ಈಗಿರುವ ಸಂಬಂಧದ ಮುಂದಿನ ಮೆಟ್ಟಿಲಲ್ಲ, ಹೊಸ ಪರಿಚಯ. ಹಳೆಯ ಒಪ್ಪಿಗೆ ಯಾವುದೂ ಅಲ್ಲಿಗೆ ತಾನಾಗಿ ಬರುವುದಿಲ್ಲ. ಫೋನಿನಲ್ಲಿ ಹೂಂ ಅಂದದ್ದಕ್ಕೆ ಎದುರಿಗೆ ಬೇಡ ಅನ್ನುವ ಪೂರ್ತಿ ಹಕ್ಕು ನಿಮಗಿದೆ.

ಎದುರಿಗೆ ಸಿಗುವ ಒಳ್ಳೆಯದನ್ನೂ ಹೇಳಬೇಕು. ಸ್ಪರ್ಶ ಇದೆ. ಗಮನ ಇದೆ. ಅಮೆರಿಕದ ಬ್ರ್ಯಾಡ್ ಸಗಾರಿನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀನ್ ಚೆನ್ನಾಗಿ ನಡೆಯಿತು ಎಂದ ಜೋಡಿಗಳಲ್ಲಿ ಪರಸ್ಪರ ಹತ್ತಿರದ ಭಾವನೆ ಹೆಚ್ಚಿತ್ತು. ಚೆನ್ನಾಗಿ ನಡೆಯಿತು ಎಂದವರಲ್ಲಿ ಎಂಬ ಮಾತನ್ನು ಮತ್ತೊಮ್ಮೆ ಓದಿ. ಎದುರಿಗೆ ಬಂದ ಮಾತ್ರಕ್ಕೆ ಹತ್ತಿರವಾಗುವುದಿಲ್ಲ.

ಮತ್ತೆ ಅಪಾಯದ ಲೆಕ್ಕವೂ ಬದಲಾಗುತ್ತದೆ. ಫೋನಿನಲ್ಲಿ ಬೇಡ ಅನಿಸಿದರೆ ಕೆಂಪು ಗುಂಡಿ ಒತ್ತಿದರೆ ಮುಗಿಯಿತು. ರೂಮಿನೊಳಗೆ ನಿಮಗಿಂತ ಬಲವಾದವರು ಇರುತ್ತಾರೆ, ಬಾಗಿಲು ಅವರ ಹಿಂದೆ ಇರುತ್ತದೆ. ಭಯವಾದಾಗ ದೇಹ ಮರಗಟ್ಟಿ ಮಾತೇ ಹೊರಡದೆ ಇರಬಹುದು. ಎಂಟು ತಿಂಗಳು ಇವರ ಮಾತಿಗೆ ತಲೆಯಾಡಿಸಿ ರೂಢಿಯಾಗಿದೆ. ಆ ರೂಢಿ ಎದುರಿಗೆ ಬೇಡ ಅನ್ನುವುದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಕಾನೂನಿನ ಮಾತು ಬಂದರೆ, ಸಬ್ ಏನೇನು ಪಾಲಿಸಬೇಕು ಎಂದು ಕೆಲವರು ಬರೆಸಿಕೊಳ್ಳುವ 'ಸಬ್ ಕಾಂಟ್ರಾಕ್ಟ್' ಕೋರ್ಟಿನಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಸಹಿ ಮಾಡಿದ್ದೀರಿ ಅಂತ ನಿಮ್ಮ ಒಪ್ಪಿಗೆ ಶಾಶ್ವತವಾಗುವುದಿಲ್ಲ. ಗಂಭೀರ ಗಾಯಕ್ಕೆ ಒಪ್ಪಿಗೆ ಇತ್ತು ಎಂಬ ಮಾತನ್ನು ನಮ್ಮ ಕಾನೂನೂ ಸುಮ್ನೆ ಒಪ್ಪುವುದಿಲ್ಲ. ಬ್ರಿಟನ್‌ನಲ್ಲಿ 1993ರ ಬ್ರೌನ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಇದಕ್ಕಿಂತ ಸಣ್ಣ ಗಾಯಗಳಿಗೂ ಒಪ್ಪಿಗೆ ರಕ್ಷಣೆಯಾಗದು ಎಂದಿತ್ತು.

ಈಗ ಆ ಫೋಟೋ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಇದೇ. ಎದುರಿನ ಸಂಬಂಧದಲ್ಲಿ ನಡೆದದ್ದು ಇಬ್ಬರ ನೆನಪಿನಲ್ಲಿ ಉಳಿಯುತ್ತದೆ. ಆನ್‌ಲೈನ್‌ನಲ್ಲಿ ಎಲ್ಲವೂ ದಾಖಲೆ. ಸ್ಕ್ರೀನ್‌ಶಾಟ್, ಸ್ಕ್ರೀನ್ ರೆಕಾರ್ಡಿಂಗ್, ಒಂದು ಸಲ ನೋಡಿದರೆ ಮಾಯವಾಗುವ ಫೋಟೋವನ್ನೂ ಇನ್ನೊಂದು ಫೋನಿನಿಂದ ಹಿಡಿಯಬಹುದು. ಪೂರ್ತಿ ಹೆಸರು ಹೇಳದವರು ನಿಮ್ಮ ಮುಖದ ಫೋಟೋ ಕೇಳುತ್ತಿದ್ದಾರೆ. ನೀವು ಕೊಡಲ್ಲ ಅಂದದ್ದು ಸರಿಯಾಗಿತ್ತು, ಮುಂದೆಯೂ ಕೊಡಬೇಡಿ. ಕಾಲ್‌ನಲ್ಲೂ ಮುಖ, ಮಚ್ಚೆ, ಹಚ್ಚೆ, ಕಿಟಕಿಯ ಹೊರಗಿನ ಬೋರ್ಡು, ಆಫೀಸಿನ ಐಡಿ ಕಾರ್ಡ್ ಒಟ್ಟಿಗೆ ಕಾಣದಂತೆ ನೋಡಿಕೊಳ್ಳಿ.

ಹಿಂದೆ ಏನಾದರೂ ಕಳಿಸಿದ್ದು, ಮುಂದೆ ಅದನ್ನಿಟ್ಟು ಹೆದರಿಸಿದರೆ ಹೀಗೆ ಮಾಡಿ. ದುಡ್ಡು ಕೊಡಬೇಡಿ, ಇನ್ನೊಂದು ಫೋಟೋವನ್ನೂ ಕೊಡಬೇಡಿ. ಒಂದು ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ. ಮಹಿಳೆಯ ಖಾಸಗಿ ಚಿತ್ರ ತೆಗೆಯಲು ಅವಳೇ ಒಪ್ಪಿದ್ದರೂ, ಹಂಚಲು ಒಪ್ಪದಿದ್ದಾಗ ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಐಟಿ ಕಾಯ್ದೆಯ 66ಇ ಮತ್ತು 67ಎ ಸೆಕ್ಷನ್‌ಗಳೂ ಇವೆ. 2021ರಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಫೋಟೋವನ್ನು ನಿಮ್ಮ ಫೋನಿನಲ್ಲೇ ಇಟ್ಟು ಅದರ ಡಿಜಿಟಲ್ ಗುರುತನ್ನು ಮಾತ್ರ ಕಂಪನಿಗಳಿಗೆ ಕಳಿಸುತ್ತದೆ. ಅದರಲ್ಲಿ ಸೇರಿರುವ ಸಾಮಾಜಿಕ ಜಾಲತಾಣಗಳು ಆ ಗುರುತು ಹಿಡಿದು ಚಿತ್ರವನ್ನು ತಡೆಯುತ್ತವೆ. ಪೊಲೀಸರು ಏನಂದುಕೊಳ್ಳುತ್ತಾರೋ, ಮನೆಯಲ್ಲಿ ಗೊತ್ತಾದರೆ ಎಂಬ ಭಯ ಸಹಜ. ಹೆದರಿಸುವವರು ನಂಬಿಕೊಂಡಿರುವುದೂ ಆ ಭಯವನ್ನೇ.

ಮೂರು ದಿನ ಮಾತು ಬಿಟ್ಟದ್ದರ ಬಗ್ಗೆಯೂ ಸ್ವಲ್ಪ ನಿಲ್ಲೋಣ. ಡಿ-ಎಸ್‌ನಲ್ಲಿ ಶಿಕ್ಷೆ ಇರುತ್ತದೆ. ಇಬ್ಬರೂ ಮೊದಲೇ ಒಪ್ಪಿದ ನಿಯಮ ಮುರಿದಾಗ, ಮೊದಲೇ ಒಪ್ಪಿದ ಶಿಕ್ಷೆ. ಲಿಮಿಟ್ ಹೇಳಿದ್ದಕ್ಕೆ ಶಿಕ್ಷೆ ಕೊಡುವ ಹಾಗಿಲ್ಲ. ಹಾಗೆ ಕೊಟ್ಟರೆ ಮುಂದಿನ ಸಲ ನೀವು ಬೇಡ ಅನ್ನಲು ಹೆದರುತ್ತೀರಿ. ಹೆದರಿಕೊಂಡು ಹೇಳಿದ ಹೂಂ ಒಪ್ಪಿಗೆಯಲ್ಲ. "ನಿಜವಾದ ಸಬ್ ಆಗಿದ್ದರೆ" ಎಂಬ ಮಾತೂ ಅದೇ ಜಾತಿಯದು. ಅನುಭವ ಇರುವ, ಜವಾಬ್ದಾರಿ ಇರುವ ಡಾಮ್ ಲಿಮಿಟ್ ಕೇಳಿದಾಗ ಹೇಳುವ ಮಾತು "ಹೇಳಿದ್ದು ಒಳ್ಳೆಯದಾಯ್ತು". ಇವರು ಹಾಗೆ ಹೇಳಲಿಲ್ಲ. ಒಂದೇ ಘಟನೆಯಿಂದ ಒಬ್ಬರನ್ನು ಪೂರ್ತಿ ಅಳೆಯಲು ನನಗೆ ಇಷ್ಟವಿಲ್ಲ. ಆದರೆ ಫೋನಿನಲ್ಲಿ ಬೇಡ ಅಂದಾಗ ಹೀಗೆ ನಡೆದುಕೊಂಡವರ ರೂಮಿಗೆ ಹೋಗಿ ಎಂದು ನಾನು ಹೇಳಲಾರೆ.

ಆದ್ದರಿಂದ ಈಗಲೇ ಪುಣೆಗೆ ಹೋಗಬೇಡಿ. ಮೊದಲು ಅವರಿಗೆ ನಿಮ್ಮ ಸ್ವಂತ ಮಾತಿನಲ್ಲಿ, ಸಬ್ ಧಾಟಿ ಬಿಟ್ಟು, ಇಷ್ಟು ಬರೆಯಿರಿ: ಫೋಟೋ ಕೊಡುವುದಿಲ್ಲ, ಇದು ಬದಲಾಗಲ್ಲ. ಬೇಡ ಅಂದಾಗ ಮಾತು ಬಿಡುವುದು ನನಗೆ ಆಗುವುದಿಲ್ಲ. ಭೇಟಿ ಬೇಕಿದ್ದರೆ ಮೊದಲು ನಿಮ್ಮ ಪೂರ್ತಿ ಹೆಸರು ಬೇಕು, ಮುಖ ಕಾಣುವ ಮಾಮೂಲಿ ವಿಡಿಯೋ ಕಾಲ್ ಬೇಕು. ಅವರು ಸಿಟ್ಟಾದರೆ, ಕೆಣಕಿದರೆ, ಮತ್ತೆ ಮಾಯವಾದರೆ ಭೇಟಿಯ ಮಾತು ಅಲ್ಲಿಗೇ ಮುಗಿಯಲಿ, ಆನ್‌ಲೈನ್ ಸಂಬಂಧವನ್ನೂ ಬಿಡುವ ಬಗ್ಗೆ ಯೋಚಿಸಿ. ಕ್ಷಮೆ ಕೇಳಿ, ಕೇಳಿದ್ದನ್ನು ಕೊಟ್ಟು, ಕೆಲವು ವಾರ ಹಾಗೇ ನಡೆದುಕೊಂಡರೆ ಭೇಟಿಯ ಬಗ್ಗೆ ಮಾತಾಡಬಹುದು.

ಆಗಲೂ ಮೊದಲ ಭೇಟಿ ನೀವಿರುವ ಬೆಂಗಳೂರಿನಲ್ಲೇ, ಹಗಲಿನಲ್ಲಿ, ಜನ ಇರುವ ದರ್ಶಿನಿಯಲ್ಲೋ ಕಾಫಿ ಶಾಪಿನಲ್ಲೋ ಇರಲಿ. ಅವತ್ತು ಡಿ-ಎಸ್ ಇಲ್ಲ. ಸರ್ ಇಲ್ಲ, ಆಜ್ಞೆ ಇಲ್ಲ, ಸಬ್ ಎಂಬ ಗುರುತಿಗೆ ಕುತ್ತಿಗೆಗೆ ಹಾಕುವ ಕಾಲರ್ ಇಲ್ಲ. ಇಬ್ಬರು ಸಾಮಾನ್ಯ ಮನುಷ್ಯರ ಹಾಗೆ ಕೂತು ಮಾತಾಡಿ. ನಿಮ್ಮದೇ ಗಾಡಿಯಲ್ಲೋ ಮೆಟ್ರೋದಲ್ಲೋ ಹೋಗಿ ಬನ್ನಿ. ನಂಬುವ ಒಬ್ಬ ಗೆಳತಿಗೆ ಅವರ ಹೆಸರು, ನಂಬರ್, ಜಾಗ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಎಂಬುದು ಗೊತ್ತಿರಲಿ. ಡೇಟಿಂಗ್ ಎಂದಷ್ಟೇ ಹೇಳಿದರೂ ಸಾಕು. ಎಷ್ಟೇ ಚೆನ್ನಾಗಿ ಅನಿಸಿದರೂ ಅವತ್ತೇ ರೂಮಿಗೆ ಹೋಗಬೇಡಿ. ಆಟಕ್ಕೆ ಮುಂಚೆ ಇನ್ನೂ ಒಂದೆರಡು ಸಲ ಹೀಗೇ ಸಿಗಿ. ಆಮೇಲೆ ಲಿಮಿಟ್, ಸೇಫ್‌ವರ್ಡ್, ಆಫ್ಟರ್‌ಕೇರ್ ಎಲ್ಲವನ್ನೂ ಮೊದಲಿಂದ ಮಾತಾಡಿ, ಮೊದಲ ಸೀನ್ ಚಿಕ್ಕದಾಗಿರಲಿ, ಮೊದಲ ಸಲವೇ ಕಟ್ಟಿಸಿಕೊಳ್ಳಬೇಡಿ. ಇದಕ್ಕಿಂತ ಮುಂಚೆ ನೀವೊಬ್ಬರೇ ಬೆಂಗಳೂರಿನ ಒಂದು ಮಂಚ್‌ಗೆ ಹೋಗಿ ಬಂದರೆ ಇನ್ನೂ ಒಳ್ಳೆಯದು. ಬೇರೆ ಸಬ್‌ಗಳ ಜೊತೆ ಮಾತಾಡಿದಾಗ ಯಾವುದು ರೂಢಿ, ಯಾವುದು ದಬ್ಬಾಳಿಕೆ ಎಂಬುದು ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಕಿಂಕಿ ಕಲೆಕ್ಟಿವ್ ಎಂಬ ಗುಂಪು ಒಪ್ಪಿಗೆಯ ವಿಷಯದಲ್ಲಿ ತಿಳಿವಳಿಕೆ ಕೊಡುವ ಕೆಲಸ ಮಾಡಿದೆ.

ಎದುರಿಗೆ ಭೇಟಿಯೇ ಬೇಡ, ಆನ್‌ಲೈನೇ ಸಾಕು ಅನಿಸಿದರೆ ಅದೂ ಪೂರ್ತಿ ಸರಿ. ವರ್ಷಗಟ್ಟಲೆ ಹಾಗೇ ಇರುವವರಿದ್ದಾರೆ.

ಇದನ್ನು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸಲಹೆಗಾರರನ್ನು ನೋಡಿ. ಮೊದಲ ಫೋನಿನಲ್ಲೇ "ಒಪ್ಪಿಗೆಯ ಬಿಡಿಎಸ್‌ಎಂ ಸಂಬಂಧದಲ್ಲಿದ್ದೇನೆ, ಇದನ್ನು ಬಿಡಿಸುವುದು ನಿಮ್ಮ ಗುರಿಯಾ?" ಎಂದು ಕೇಳಿಬಿಡಿ. ಹೌದು ಅಂದರೆ ಬೇರೆಯವರನ್ನು ಹುಡುಕಿ. ರಾತ್ರಿ ಹೊತ್ತು ಮತ್ತೆ ಹಾಗೆ ಅಳು ಬಂದು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾರಣ ಪೂರ್ತಿ ಹೇಳಲೇಬೇಕೆಂದಿಲ್ಲ. ಮನಸ್ಸು ತುಂಬಾ ಕುಸಿದಿದೆ ಎಂದರೆ ಸಾಕು, ಅವರು ಮಾತಾಡುತ್ತಾರೆ.